ಹೊರಗಿನ ಮರದ ಕಂಬಗಳ ಏಣು ಗುಂಡಗೆ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಗಲಿ, ಪರ್ಗೋಲಾ, ಉಯ್ಯಾಲೆಯ ಚೌಕಟ್ಟು, ಹೋಂಸ್ಟೇ ಡೆಕ್ಕು, ಕೊಟ್ಟಿಗೆ, ಗೇಟು, ಹೀಗೆ ಬಿಸಿಲು ಮಳೆಗೆ ನಿಲ್ಲುವ ಚೌಕದ ಮರದ ಕಂಬಗಳ ಏಣುಗಳನ್ನು (ಎರಡು ಮೈಗಳು ಸೇರುವ ಅಂಚುಗಳನ್ನು) ಎಷ್ಟು, ಎಲ್ಲಿಂದ ಎಲ್ಲಿಯವರೆಗೆ, ಯಾವುದರಿಂದ ಗುಂಡಗೆ ಮಾಡಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸ್ವಂತ ಕೈಯಿಂದ ಮಾಡುವವರಿಗೂ ಬಡಗಿಯಿಂದ ಮಾಡಿಸುವವರಿಗೂ ಇವು ಉಪಯೋಗಕ್ಕೆ ಬರುತ್ತವೆ. ಅಳತೆಗಳು ಮಿಲಿಮೀಟರ್‌ನಲ್ಲಿವೆ. ಕಂಬದ ಅಳತೆಯನ್ನು ಮಾತ್ರ ಮರದ ಡಿಪೋದಲ್ಲಿ ಕೇಳುವ ಹಾಗೆ ಇಂಚು, ಅಡಿಯಲ್ಲೂ ಕೊಟ್ಟಿದ್ದೇವೆ.

ಏಣು ಗುಂಡಗೆ ಮಾಡುವುದು ಬರೀ ಅಂದಕ್ಕಲ್ಲವೇ? ಬಿಟ್ಟರೆ ಏನಾಗುತ್ತದೆ?

ಅಂದಕ್ಕೂ ಹೌದು, ಆದರೆ ಮುಖ್ಯ ಕಾರಣ ಬಣ್ಣದ ಬಾಳಿಕೆ. ಹಸಿ ಬಣ್ಣ ಚೂಪಾದ ಏಣಿನ ಮೇಲೆ ನಿಲ್ಲುವುದಿಲ್ಲ. ಒಣಗುವ ಮೊದಲೇ ಅದು ಏಣನ್ನು ಬಿಟ್ಟು ಎರಡೂ ಬದಿಯ ಚಪ್ಪಟೆ ಮೈಗೆ ಸರಿದುಕೊಳ್ಳುತ್ತದೆ. ಮೈಮೇಲೆ ದಪ್ಪವಾಗಿ ಕೂತ ಅದೇ ಬಣ್ಣ ಏಣಿನ ಮೇಲೆ ತೆಳ್ಳಗೆ ಪೊರೆಯಂತೆ ಉಳಿಯುತ್ತದೆ. ಇನ್ನೊಂದು ಕೋಟ್ ಹೊಡೆದರೂ ಅದೂ ಹಾಗೆಯೇ ಸರಿಯುತ್ತದೆ. ಬಿಸಿಲಿಗೆ ಮೊದಲು ಬಿರಿಯುವುದು ಆ ಪೊರೆ. ಬಿರುಕಿನಲ್ಲಿ ಮಳೆ ನೀರು ಇಳಿದು ಅಕ್ಕಪಕ್ಕದ ಗಟ್ಟಿ ಬಣ್ಣದ ಅಡಿಗೆ ಹೋಗುತ್ತದೆ, ಅಲ್ಲಿಂದ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಎರಡು ಮೂರು ಮಳೆಗಾಲ ಕಂಡ ಚೂಪು ಏಣಿನ ಕಂಬವೊಂದನ್ನು ಗಮನಿಸಿ ನೋಡಿ: ಮೈಯ ಬಣ್ಣ ಇನ್ನೂ ಗಟ್ಟಿಯಾಗಿರುತ್ತದೆ, ನಾಲ್ಕು ಏಣುಗಳ ಉದ್ದಕ್ಕೂ ಮಾತ್ರ ಬೂದು ಬಣ್ಣದ ಬರೀ ಮರ ಗೆರೆ ಎಳೆದಂತೆ ಕಾಣುತ್ತದೆ.

ಎರಡನೆಯ ಕಾರಣ ಪೆಟ್ಟು. ಚೂಪು ಏಣಿಗೆ ಬಕೆಟ್ಟೋ ಸೈಕಲ್ಲೋ ತಾಗಿದರೆ ಒಂದು ಚಕ್ಕೆ ಎದ್ದು ಬರುತ್ತದೆ. ಗುಂಡಗಿದ್ದರೆ ಅದೇ ಪೆಟ್ಟು ಬರೀ ಗುರುತಾಗಿ ಉಳಿಯುತ್ತದೆ. ಮಕ್ಕಳ ಹಣೆ, ಒರಗಿ ಕೂರುವವರ ಬೆನ್ನು, ಕೊಟ್ಟಿಗೆಯಲ್ಲಿ ಮೈ ಉಜ್ಜುವ ದನ, ಇವೂ ಲೆಕ್ಕಕ್ಕೆ ಬರುತ್ತವೆ. ಕಂಬಕ್ಕೆ ಹಗ್ಗ ಸುತ್ತುವ ಕಡೆಗಳಲ್ಲಿ, ಅಂದರೆ ಜೋಲಿ, ಉಯ್ಯಾಲೆ, ದನದ ಕಣ್ಣಿ ಇರುವಲ್ಲಿ, ಚೂಪು ಏಣು ಹಗ್ಗದ ಎಳೆಗಳನ್ನು ಒಂದೊಂದಾಗಿ ಕಡಿಯುತ್ತದೆ. ಅಂಥ ಕಂಬಕ್ಕೆ ಗುಂಡು ಏಣು ಬೇಕೇ ಬೇಕು.

ಎಷ್ಟು ಗುಂಡಗೆ ಮಾಡಬೇಕು?

ಅಳತೆಯನ್ನು ತ್ರಿಜ್ಯದಲ್ಲಿ ಹೇಳುತ್ತಾರೆ. ಹೊರಗಿನ ಬಣ್ಣ ಏಣಿನ ಮೇಲೆ ಸರಿಯಾಗಿ ಕೂರಲು 3 ಮಿ.ಮೀ. ಬೇಕು. ಗುಂಡನೆಯ ಪೆನ್ಸಿಲ್ಲಿನ ಮೈಗೆ ಸುಮಾರು ಇಷ್ಟೇ ತ್ರಿಜ್ಯವಿದೆ. ಇದಕ್ಕಿಂತ ಕಡಿಮೆ ಮಾಡಿದರೆ ಕೈಗೆ ನಯವೆನಿಸಬಹುದು, ಬಣ್ಣಕ್ಕೆ ಸಾಲದು.

4×4 ಇಂಚಿನ (ಸುಮಾರು 100 ಮಿ.ಮೀ.) ಮಾಮೂಲಿ ಕಂಬಕ್ಕೆ ನಮ್ಮ ಸಲಹೆ 6 ಮಿ.ಮೀ. ದೂರದಿಂದ ಕಂಬ ಚೌಕವಾಗಿಯೇ ಕಾಣುತ್ತದೆ, ಬಣ್ಣ ನಿಲ್ಲುತ್ತದೆ, ತಿರುಗುವ ಅಲಗಿನಿಂದ ಅಂಚು ಕಡಿಯುವ ಸಣ್ಣ ಕೈಮೆಷಿನ್ ಆದ ಟ್ರಿಮ್ ರೌಟರ್‌ನಿಂದ ಸುಲಭವಾಗಿ ಆಗುತ್ತದೆ. ಮಕ್ಕಳು ಓಡಾಡುವ ಜಗಲಿ, ಉಯ್ಯಾಲೆ, ಮೆಟ್ಟಿಲ ಪಕ್ಕದ ಕೈಹಿಡಿ ಕಂಬಗಳಿಗೆ 10ರಿಂದ 12 ಮಿ.ಮೀ. ಇರಲಿ. ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ., ಅಂದರೆ ಅದರ ಅಂಚಿನ ತಿರುವು 13.5 ಮಿ.ಮೀ. ತ್ರಿಜ್ಯ. ನಾಣ್ಯವನ್ನು ಕಂಬದ ತುದಿಯ ಮೂಲೆಯಲ್ಲಿ ಎರಡೂ ಬದಿಗೆ ತಾಗುವಂತೆ ಇಟ್ಟು ಗೆರೆ ಎಳೆದರೆ 12 ಮಿ.ಮೀ. ಹೇಗೆ ಕಾಣಬಹುದೆಂಬ ಅಂದಾಜು ಸಿಗುತ್ತದೆ. 6×6 ಇಂಚಿನ ದಪ್ಪ ಕಂಬಗಳಿಗೆ ಮಾತ್ರ 20 ಮಿ.ಮೀ.ವರೆಗೆ ಹೋಗಬಹುದು. 3 ಇಂಚಿನ ಕಂಬಕ್ಕೆ 20 ಮಿ.ಮೀ. ಹೊಡೆದರೆ ಅದು ಚೌಕವೂ ಅಲ್ಲದ ಗುಂಡೂ ಅಲ್ಲದ ಆಕಾರಕ್ಕೆ ಬರುತ್ತದೆ.

ಒಂದು ಕಟ್ಟಡದ ಎಲ್ಲ ಕಂಬಗಳಿಗೂ ಒಂದೇ ಅಳತೆ ಇರಲಿ. ಒಂದಕ್ಕೆ 6, ಪಕ್ಕದ್ದಕ್ಕೆ 9 ಆದರೆ ಸಂಜೆಯ ಓರೆ ಬಿಸಿಲಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ನಾಲ್ಕೂ ಏಣು ತೆಗೆದರೆ ಕಂಬದ ಬಲ ಕುಗ್ಗುವುದಿಲ್ಲವೇ?

ಲೆಕ್ಕ ಹಾಕಿ ನೋಡಬಹುದು. ಒಂದು ಏಣಿನಲ್ಲಿ ಹೋಗುವ ಮರ ತ್ರಿಜ್ಯದ ವರ್ಗದ 0.215 ಪಾಲು. 100×100 ಮಿ.ಮೀ. ಕಂಬಕ್ಕೆ 6 ಮಿ.ಮೀ. ಹೊಡೆದರೆ ನಾಲ್ಕೂ ಏಣು ಸೇರಿ ಶೇ. 0.3 ಹೋಗುತ್ತದೆ, 12 ಮಿ.ಮೀ.ಗೆ ಶೇ. 1.2, 25 ಮಿ.ಮೀ.ಗೆ ಶೇ. 5.4. ಮೊದಲ ಎರಡರಲ್ಲಿ ಚಿಂತೆಗೆ ಕಾರಣವಿಲ್ಲ. ಬಲ ನಿಜವಾಗಿ ಹೋಗುವುದು ಕೂಡುವ ಜಾಗಗಳಲ್ಲಿ ಕಚ್ಚು ಹೊಡೆದಾಗ, ಗಂಟುಗಳಲ್ಲಿ, ಬುಡ ಕೊಳೆತಾಗ.

ಗುಂಡಗೆ ಬದಲು 45 ಡಿಗ್ರಿಯಲ್ಲಿ ಚಪ್ಪಟೆಯಾಗಿ ಏಣು ಮುರಿದರೆ ಸಾಕೇ?

ಪೆಟ್ಟಿಗೂ ನೋಟಕ್ಕೂ ಸಾಕು. ತೊಟ್ಟಿಮನೆಗಳ ಹಳೆಯ ಕಂಬಗಳಲ್ಲಿ ತಲೆ, ಬುಡ ಚೌಕವಾಗಿಯೇ ಇದ್ದು ನಡುವಿನ ಭಾಗದ ಏಣು ಮಾತ್ರ ಹೀಗೆ ಚಪ್ಪಟೆಯಾಗಿ ಮುರಿದಿರುವುದುಂಟು, ಬಹಳ ಚಂದದ ಕೆಲಸ ಅದು. ಆದರೆ ಒಂದು ಚೂಪು ಏಣು ಹೋದ ಜಾಗದಲ್ಲಿ ಎರಡು ಮೊಂಡು ಏಣು ಹುಟ್ಟುತ್ತವೆ. ಬಣ್ಣದ ಕಷ್ಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಚಪ್ಪಟೆ ಮುರಿದ ಮೇಲೆ ಆ ಎರಡು ಗೆರೆಗಳನ್ನೂ 80 ನಂಬರ್ ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಉಜ್ಜಿ ಬಿಡಿ. ಮಳೆ ನೇರವಾಗಿ ಬೀಳದ ಒಳ ಜಗಲಿಗೆ ಇದು ಒಳ್ಳೆಯ ಆಯ್ಕೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ಅಥವಾ ಕರಾವಳಿಯಲ್ಲಿ ಗಾಳಿಮಳೆಗೆ ಮುಖ ಮಾಡಿದ ಕಂಬಕ್ಕೆ, ಪೂರ್ತಿ ಗುಂಡಗೆ ಮಾಡುವುದೇ ಲೇಸು.

ಯಾವ ಮೆಷಿನ್, ಯಾವ ಬಿಟ್ ತರಬೇಕು?

6 ಮಿ.ಮೀ.ವರೆಗೆ ಟ್ರಿಮ್ ರೌಟರ್ ಸಾಕು. ಬಿಟ್ (ಮೆಷಿನ್‌ಗೆ ಸಿಕ್ಕಿಸುವ ಅಲಗು) ಮಾತ್ರ ತುದಿಯಲ್ಲಿ ಬೇರಿಂಗ್ ಇರುವ, ಏಣನ್ನು ಗುಂಡಗೆ ಕಡಿಯುವ ರೌಂಡ್‌ಓವರ್ ಬಿಟ್ಟೇ ಆಗಿರಬೇಕು. ಬೇರಿಂಗ್ ಕಂಬದ ಪಕ್ಕದ ಮೈಗೆ ತಾಗಿ ಉರುಳುತ್ತದೆ, ಅಲಗು ಎಷ್ಟು ಒಳಗೆ ಹೋಗಬೇಕೆಂದು ಅದೇ ತಡೆಹಿಡಿಯುತ್ತದೆ. ಗಟ್ಟಿ ಮರಕ್ಕೆ ಕಾರ್ಬೈಡ್ ಅಲಗಿನದೇ ಬೇಕು.

ಅಂಗಡಿಯಲ್ಲಿ ಹೆಚ್ಚು ಗೊಂದಲವಾಗುವುದು ಎರಡು ಕಡೆ. "ಕಾಲು ಇಂಚಿನ ಬಿಟ್" ಎಂದರೆ ಕೆಲವರು ಹಿಡಿಯ (ಮೆಷಿನ್‌ಗೆ ತೂರಿಸುವ ಕಡ್ಡಿಯ) ದಪ್ಪ ಅಂದುಕೊಳ್ಳುತ್ತಾರೆ, ಕೆಲವರು ಗುಂಡಿನ ತ್ರಿಜ್ಯ ಅಂದುಕೊಳ್ಳುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ಇನ್ನೊಂದು, ಕಾಲು ಇಂಚು ಎಂದರೆ 6.35 ಮಿ.ಮೀ., ಆದರೆ ಹಲವು ಮೆಷಿನ್‌ಗಳ ಜೊತೆ ಬರುವುದು 6 ಮಿ.ಮೀ. ಕೊಲೆಟ್ (ಹಿಡಿಯನ್ನು ಬಿಗಿಯುವ ಕೊಳವೆ). 6.35ರ ಹಿಡಿ 6ರ ಕೊಲೆಟ್‌ಗೆ ಹೋಗುವುದಿಲ್ಲ. 6ರ ಹಿಡಿಯನ್ನು 6.35ರ ಕೊಲೆಟ್‌ಗೆ ಹಾಕಿ ಬಿಗಿದರೆ ಬಿಗಿಯಾದಂತೆ ಕಂಡರೂ ಓಡುವಾಗ ಜಾರಿ ಹೊರಬರುತ್ತದೆ, ಇದು ಅಪಾಯ. ಅಳತೆ ಹೊಂದುವುದನ್ನೇ ಹಾಕಿ. ಹಿಡಿಯನ್ನು ಕೊಲೆಟ್‌ನ ತಳದವರೆಗೆ ಇಳಿಸಿ, 2–3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ. ತಳಕ್ಕೆ ಒತ್ತಿಕೊಂಡೇ ಇದ್ದರೆ ಬಿಗಿ ಸರಿಯಾಗಿ ಕೂರುವುದಿಲ್ಲ.

12 ಮಿ.ಮೀ. ತ್ರಿಜ್ಯದ ಬಿಟ್ಟಿನ ಒಟ್ಟು ವ್ಯಾಸ ಸುಮಾರು 38 ಮಿ.ಮೀ. ಆಗುತ್ತದೆ. ವೇಗ ಬದಲಿಸಲಾಗದೆ ನಿಮಿಷಕ್ಕೆ 30,000 ಸುತ್ತು ತಿರುಗುವ ಅಗ್ಗದ ಟ್ರಿಮ್ ರೌಟರ್‌ಗೆ ಇದನ್ನು ಹಾಕಬೇಡಿ. 12 ಮಿ.ಮೀ. ಹಿಡಿ ಕೂರುವ, ವೇಗವನ್ನು 18,000ಕ್ಕೆ ಇಳಿಸಬಹುದಾದ ದೊಡ್ಡ ರೌಟರ್ ಬೇಕು. ಒಂದೆರಡು ದಿನದ ಕೆಲಸಕ್ಕಾದರೆ ಬಾಡಿಗೆಗೆ ತಂದರಾಯಿತು.

ರೌಟರ್ ಅನ್ನು ಯಾವ ಕಡೆಯಿಂದ ಯಾವ ಕಡೆಗೆ ಓಡಿಸಬೇಕು?

ತಪ್ಪು ಹೆಚ್ಚು ಆಗುವುದು ಇಲ್ಲಿಯೇ. ಮೆಷಿನ್‌ನ ಬೆನ್ನ ಕಡೆಯಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ನಾವು ಅದಕ್ಕೆ ಎದುರಾಗಿ ಸಾಗಬೇಕು. ಅಲಗು ಮರವನ್ನು ನಮ್ಮ ಓಟಕ್ಕೆ ವಿರುದ್ಧವಾಗಿ ಕಡಿದರೆ ಮೆಷಿನ್ ಹಿಡಿತದಲ್ಲಿರುತ್ತದೆ. ಅದೇ ದಿಕ್ಕಿಗೆ ಸಾಗಿದರೆ ಅಲಗು ಮರವನ್ನು ಹತ್ತಿ ಓಡುತ್ತದೆ, ಮೆಷಿನ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ.

ಕಂಬ ಮಲಗಿದ್ದು, ನೀವು ಅದರ ಪಕ್ಕ ನಿಂತು ನಿಮಗೆ ಹತ್ತಿರದ ಏಣನ್ನು ಕಡಿಯುತ್ತಿದ್ದರೆ ಎಡದಿಂದ ಬಲಕ್ಕೆ. ಕಂಬ ನಿಂತಿದ್ದು, ನಿಮ್ಮೆದುರಿನ ಮೈಮೇಲೆ ಮೆಷಿನ್‌ನ ತಳ ಇಟ್ಟಿದ್ದರೆ, ಬಲಗಡೆಯ ಏಣನ್ನು ಕೆಳಗಿನಿಂದ ಮೇಲಕ್ಕೆ, ಎಡಗಡೆಯದನ್ನು ಮೇಲಿನಿಂದ ಕೆಳಕ್ಕೆ.

ಇದರಲ್ಲೇ ಒಂದು ಅನುಕೂಲವೂ ಇದೆ. ಪ್ರತಿ ಏಣಿಗೂ ಎರಡು ಮೈಗಳಿವೆ, ಮೆಷಿನ್‌ನ ತಳವನ್ನು ಯಾವುದರ ಮೇಲಾದರೂ ಇಡಬಹುದು. ಒಂದು ಮೈಯಿಂದ ಇನ್ನೊಂದಕ್ಕೆ ಬದಲಿಸಿದರೆ ಓಟದ ದಿಕ್ಕು ತಿರುವುಮುರುವಾಗುತ್ತದೆ. ಎಳೆ ಏಳುತ್ತಿದೆ, ಚಕ್ಕೆ ಕಿತ್ತು ಬರುತ್ತಿದೆ ಎನಿಸಿದರೆ ಅಲ್ಲೇ ನಿಲ್ಲಿಸಿ, ತಳವನ್ನು ಪಕ್ಕದ ಮೈಗೆ ಬದಲಿಸಿ, ಎದುರು ತುದಿಯಿಂದ ಬನ್ನಿ. ಮರದ ಎಳೆ ಓರೆಯಾಗಿರುವ ಕಂಬಗಳಲ್ಲಿ ಇದೊಂದರಿಂದಲೇ ಅರ್ಧ ತೊಂದರೆ ಕಳೆಯುತ್ತದೆ.

ಮಲಗಿಸಿದ ಕಂಬಕ್ಕೆ ಪೂರ್ತಿ ಕ್ರಮ ಹೇಗೆ?

ಕಂಬವನ್ನು ಸೊಂಟದ ಎತ್ತರಕ್ಕೆ ಎರಡು ಕುದುರೆ ಸ್ಟ್ಯಾಂಡಿನ ಮೇಲೆ ಮಲಗಿಸಿ, ಕ್ಲಾಂಪ್ ಹಾಕಿ. ಮೊದಲು ನಾಲ್ಕೂ ಮೈಗಳನ್ನು ಹತ್ತರಿ (ಕೆಲವು ಕಡೆ ಕೀಸುಳಿ ಅನ್ನುತ್ತಾರೆ) ಹಿಡಿದು ಮಟ್ಟ ಮಾಡಿರಬೇಕು. ಗರಗಸದ ಒರಟು ಮೈಮೇಲೆ ಬೇರಿಂಗ್ ಓಡಿದರೆ ಆ ಏರಿಳಿತವೆಲ್ಲ ಗುಂಡಿನಲ್ಲಿ ಮೂಡುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಪೆನ್ಸಿಲ್ ಗುರುತು ಹಾಕಿ. ಎರಡೂ ಗುರುತಿನಲ್ಲಿ ಪಟ್ಟಿಯೊಂದನ್ನು ಅಡ್ಡ ಕ್ಲಾಂಪ್ ಮಾಡಿದರೆ ಮೆಷಿನ್ ಅಲ್ಲಿಗೆ ತಾಗಿ ನಿಲ್ಲುತ್ತದೆ, ಎಲ್ಲ ಏಣುಗಳೂ ಒಂದೇ ಮಟ್ಟದಲ್ಲಿ ಮುಗಿಯುತ್ತವೆ.

ಅದೇ ಮರದ ತುಂಡಿನ ಮೇಲೆ ಮೊದಲು ಆಳ ಪರೀಕ್ಷಿಸಿ. ಬಿಟ್ ಹೆಚ್ಚು ಇಳಿದರೆ ಗುಂಡಿನ ಪಕ್ಕದಲ್ಲಿ ಸಣ್ಣ ಮೆಟ್ಟಿಲು ಬೀಳುತ್ತದೆ, ಕಡಿಮೆ ಇಳಿದರೆ ಗುಂಡು ಮೈಗೆ ಸೇರುವಲ್ಲಿ ಏಣು ಉಳಿಯುತ್ತದೆ. ಬೆರಳ ಉಗುರು ಅಡ್ಡ ಎಳೆದಾಗ ಎಲ್ಲೂ ತಡೆಯದಿದ್ದರೆ ಆಳ ಸರಿ.

6 ಮಿ.ಮೀ.ಯನ್ನು ಎರಡು ಸಲದಲ್ಲಿ, 12 ಮಿ.ಮೀ.ಯನ್ನು ಮೂರು ಸಲದಲ್ಲಿ ಬಿಟ್ ಇಳಿಸುತ್ತ ಹೊಡೆಯಿರಿ. ಕೊನೆಯ ಸಲ ಅರ್ಧ ಮಿ.ಮೀ. ಮಾತ್ರ ಉಳಿದಿರಲಿ, ಮೈ ನಯವಾಗಿ ಬರುವುದು ಆ ಸಲದಲ್ಲೇ. 8 ಅಡಿಯ ಒಂದು ಏಣನ್ನು ಒಂದು ಸಲ ಓಡಿಸಲು ಸುಮಾರು ಒಂದು ನಿಮಿಷ ಹಿಡಿದರೆ ವೇಗ ಸರಿಯಾಗಿದೆ. ನಡುವೆ ನಿಲ್ಲಬೇಡಿ. ನಿಲ್ಲಲೇಬೇಕಾದರೆ ಮೆಷಿನ್ ಅನ್ನು ಏಣಿನಿಂದ ಹೊರಗೆ ಸರಿಸಿ ನಿಲ್ಲಿ.

ಮೆಷಿನ್ ಇಲ್ಲ. ಕೈಯಲ್ಲಿ ಮಾಡಬಹುದೇ?

ಖಂಡಿತ. ನಾಲ್ಕೈದು ಕಂಬಗಳಾದರೆ ಕೈಯಿಂದಲೇ ನೆಮ್ಮದಿ: ಕರೆಂಟು ಬೇಡ, ಸದ್ದಿಲ್ಲ, ದೂಳು ಕಡಿಮೆ. ಸಣ್ಣ ಹತ್ತರಿ, ಒಂದು ಅಗಲ ಉಳಿ, ಪೇಪರ್ ಇದ್ದರೆ ಆಯಿತು. ಕಣ್ಣಂದಾಜಿಗೆ ಬಿಟ್ಟರೆ ಒಂದು ಏಣಿನಂತೆ ಇನ್ನೊಂದು ಬರುವುದಿಲ್ಲ, ಗೆರೆ ಹಾಕಿಕೊಂಡೇ ಮಾಡಿ.

10 ಮಿ.ಮೀ. ಗುಂಡು ಬೇಕೆನ್ನೋಣ. ಏಣಿನಿಂದ ಎರಡೂ ಮೈಗಳಲ್ಲಿ 10 ಮಿ.ಮೀ. ದೂರಕ್ಕೆ ಒಂದು ಗೆರೆ. ಇದು ಗಡಿ, ಹತ್ತರಿ ಇದನ್ನು ದಾಟಬಾರದು. ಒಳಗೆ 6 ಮಿ.ಮೀ. ದೂರಕ್ಕೆ ಇನ್ನೊಂದು ಗೆರೆ. ಯಾವ ಅಳತೆಗೂ ಒಳಗೆರೆ ತ್ರಿಜ್ಯದ 0.58 ಪಾಲಿನಷ್ಟಿರುತ್ತದೆ: 6 ಮಿ.ಮೀ. ಗುಂಡಿಗೆ 3.5, 12ಕ್ಕೆ 7. ಪೆನ್ಸಿಲ್ಲಿನಲ್ಲೇ ಎಳೆಯಿರಿ. ಮೊಳೆ ಮೊನೆಯಲ್ಲಿ ಗೀರಿದರೆ ಆ ಗೀರು ಬಣ್ಣದ ಕೆಳಗೂ ಕಾಣುತ್ತದೆ.

ಹತ್ತರಿಯನ್ನು 45 ಡಿಗ್ರಿ ಓರೆಗೆ ಹಿಡಿದು ಎರಡು ಒಳಗೆರೆಗಳ ನಡುವಿನ ಏಣನ್ನು ಚಪ್ಪಟೆ ಮಾಡಿ. 10 ಮಿ.ಮೀ. ಗುಂಡಿಗೆ ಈ ಚಪ್ಪಟೆಯ ಅಗಲ 8 ಮಿ.ಮೀ.ಗಿಂತ ತುಸು ಹೆಚ್ಚು ಬರುತ್ತದೆ, ಉದ್ದಕ್ಕೂ ಒಂದೇ ಅಗಲ ಇದೆಯೇ ನೋಡಿಕೊಳ್ಳಿ. ಆಮೇಲೆ ಉಳಿದ ಎರಡು ಮೊಂಡು ಏಣುಗಳನ್ನು ತೆಳುವಾಗಿ ಕೀಸಿ, ಮೂರು ಚಪ್ಪಟೆಗಳು ಸಮವಾಗಿ ಕಾಣಬೇಕು. ಕೊನೆಗೆ 80 ನಂಬರ್ ಎಮರಿ ಬಟ್ಟೆಯ ಎರಡು ಬೆರಳಗಲದ ಪಟ್ಟಿಯನ್ನು ಏಣಿನ ಮೇಲೆ ಹಾಕಿ, ಎರಡೂ ತುದಿ ಹಿಡಿದು, ಶೂಗೆ ಪಾಲಿಶ್ ಹಾಕುವವರು ಬಟ್ಟೆ ಎಳೆದಾಡುವಂತೆ ಎಳೆಯಿರಿ. ಮೂರೂ ಒಂದೇ ತಿರುವಿಗೆ ಸೇರುತ್ತವೆ. ಅಡ್ಡ ಗೀರುಗಳನ್ನು ತೆಗೆಯಲು ಉದ್ದಕ್ಕೆ 120 ನಂಬರ್‌ನಲ್ಲಿ ಉಜ್ಜಿ ಮುಗಿಸಿ.

ಕಂಬ ಆಗಲೇ ನಿಲ್ಲಿಸಿಬಿಟ್ಟಿದ್ದೇವೆ. ಈಗ ಮಾಡಬಹುದೇ?

ಆಗುತ್ತದೆ, ಆದರೆ ಶ್ರಮ ಎರಡರಷ್ಟು. ಬುಡದಲ್ಲೂ ತಲೆಯಲ್ಲೂ ಮೆಷಿನ್‌ನ ತಳ ತಡೆಯುವುದರಿಂದ ಕೊನೆಯ 50–75 ಮಿ.ಮೀ. ಸಿಗುವುದಿಲ್ಲ. ಅಲ್ಲಿಗೇ ಎಲ್ಲ ಏಣುಗಳನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸಿ ಚೌಕವಾಗಿಯೇ ಬಿಟ್ಟರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಆ ಚೌಕದ ಭಾಗಕ್ಕೂ ಬಣ್ಣ ನಿಲ್ಲಲು ಬೇಕಾದ 3 ಮಿ.ಮೀ. ಗುಂಡನ್ನು ಪೇಪರ್ ಹಿಡಿದು ಕೊಡಿ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ರೌಟರ್ ಹಿಡಿಯುವುದು ಬೇಡವೇ ಬೇಡ. ಎರಡೂ ಕಾಲು ಊರುವ ಹಲಗೆಯ ಅಟ್ಟಣಿಗೆ ಇಲ್ಲದಿದ್ದರೆ ಮೇಲಿನ ಭಾಗವನ್ನು ಹತ್ತರಿಯಲ್ಲೇ ಮುಗಿಸಿ.

ಗುಂಡನ್ನು ಕಂಬದ ಉದ್ದಕ್ಕೂ ತುದಿಯಿಂದ ತುದಿಗೆ ಹೊಡೆಯಬಹುದೇ?

ಬೇಡ. ತೊಲೆ, ಅಡ್ಡಪಟ್ಟಿ, ಕೈಹಿಡಿ ಬಂದು ಕೂಡುವ ಕಡೆ ಕಂಬದ ಮೈ ಚಪ್ಪಟೆಯಾಗಿಯೇ ಇರಬೇಕು. ಗುಂಡು ಕೂಡುವ ಜಾಗದೊಳಗೆ ಹಾದುಹೋದರೆ ಎರಡು ಮರಗಳ ನಡುವೆ ಮುಕ್ಕೋನದ ಸಂದು ಉಳಿಯುತ್ತದೆ. ನೀರು ಅಲ್ಲಿ ನಿಲ್ಲುತ್ತದೆ, ಇರುವೆ ಗೂಡು ಕಟ್ಟುತ್ತದೆ, ಪುಟ್ಟಿ ತುಂಬಿದರೂ ಒಂದು ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಹೊರಗಿನ ಮರಗೆಲಸ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಇಂಥ ಸಂದುಗಳಿಂದಲೇ, ಆದ್ದರಿಂದ ಕೂಡಿಸುವ ಮೊದಲು ಎಲ್ಲ ತುಂಡುಗಳನ್ನೂ ಒಣ ಜೋಡಣೆ ಮಾಡಿ (ಗೋಂದು, ಮೊಳೆ ಇಲ್ಲದೆ ಸೇರಿಸಿ ನೋಡಿ), ಕೂಡುವ ಜಾಗಕ್ಕಿಂತ 20–25 ಮಿ.ಮೀ. ಈಚೆಗೆ ಗುರುತು ಹಾಕಿ ಗುಂಡನ್ನು ಅಲ್ಲಿಗೇ ನಿಲ್ಲಿಸಿ.

ಅಡ್ಡಪಟ್ಟಿ ಕಂಬದ ಚಪ್ಪಟೆ ಭಾಗಕ್ಕಿಂತ ಕಿರಿದಾಗಿದ್ದರೆ ಗುಂಡು ಹಾದುಹೋದರೂ ತೊಂದರೆಯಿಲ್ಲ. 100 ಮಿ.ಮೀ. ಕಂಬಕ್ಕೆ 12 ಮಿ.ಮೀ. ಹೊಡೆದರೆ ನಡುವೆ 76 ಮಿ.ಮೀ. ಚಪ್ಪಟೆ ಉಳಿಯುತ್ತದೆ. 70 ಮಿ.ಮೀ. ಪಟ್ಟಿ ಅದರ ನಡುವೆ ಸಲೀಸಾಗಿ ಕೂರುತ್ತದೆ, 100 ಮಿ.ಮೀ. ಪಟ್ಟಿ ಕೂರುವುದಿಲ್ಲ.

ಕಂಬದ ತಲೆ, ಬುಡ, ಮತ್ತು ಅಡ್ಡಪಟ್ಟಿಗಳ ಏಣು?

ತಲೆ ಬಯಲಿಗೆ ತೆರೆದಿದ್ದರೆ ಅದನ್ನು ಮಟ್ಟವಾಗಿ ಬಿಡಬೇಡಿ. 15 ಡಿಗ್ರಿಯಷ್ಟು ಇಳಿಜಾರು ಕೊಡಿ, ಇಲ್ಲವೇ ಟೋಪಿ ಹಾಕಿ. ತಲೆಯ ಸುತ್ತಲಿನ ಏಣುಗಳನ್ನು ಮೊದಲು ಹೊಡೆದು, ಉದ್ದದ ಏಣುಗಳನ್ನು ಆಮೇಲೆ ಹೊಡೆಯಿರಿ. ಎಳೆಗೆ ಅಡ್ಡ ಕಡಿಯುವಾಗ ಮೂಲೆಯಲ್ಲಿ ಚಕ್ಕೆ ಏಳುವುದು ಸಹಜ, ಉದ್ದದ ಓಟದಲ್ಲಿ ಆ ಹಾನಿ ತಾನಾಗಿ ಹೋಗುತ್ತದೆ.

ಬುಡದ ಏಣಿಗೆ 3 ಮಿ.ಮೀ. ಮುರಿದರೆ ಸಾಕು. ಕಂಬ ಎತ್ತಿ ನಿಲ್ಲಿಸುವಾಗ ಒಂದು ಮೂಲೆಯ ಮೇಲೆ ಭಾರ ಬಿದ್ದು ಸೀಳದಿರಲಿ ಎಂದಷ್ಟೇ. ಬುಡದ ನಿಜವಾದ ರಕ್ಷಣೆ ಬೇರೆ: ಅಡಿಗಲ್ಲಿನ ಮೇಲೆ ಅಥವಾ ಕಬ್ಬಿಣದ ಬೂಟಿನ ಮೇಲೆ ಕೂತು, ಸಿಮೆಂಟಿನಿಂದ 25–50 ಮಿ.ಮೀ. ಮೇಲಿರಬೇಕು.

ಅಡ್ಡಪಟ್ಟಿಯ ಮೇಲಿನ ಎರಡು ಏಣುಗಳನ್ನು ಧಾರಾಳವಾಗಿ ಗುಂಡಗೆ ಮಾಡಿ. ಕೆಳಗಿನವನ್ನು ಮಾತ್ರ 3 ಮಿ.ಮೀ.ಗೆ ನಿಲ್ಲಿಸಿ. ಕೆಳಗೂ ದೊಡ್ಡ ಗುಂಡು ಕೊಟ್ಟರೆ ನೀರು ತೊಟ್ಟಿಕ್ಕಿ ಬೀಳುವ ಬದಲು ತಿರುವನ್ನು ಹಿಡಿದು ಪಟ್ಟಿಯ ಅಡಿಗೆ ಹರಿಯುತ್ತದೆ, ಅಲ್ಲಿಂದ ಕಂಬದ ಸಂದಿಗೆ ಹೋಗುತ್ತದೆ.

ಮರ ಯಾವುದಾದರೂ ವಿಧಾನ ಒಂದೇನಾ?

ವಿಧಾನ ಒಂದೇ, ಕಾಡುವ ವಿಷಯ ಬೇರೆ ಬೇರೆ. ತೇಗ ಕಡಿಯಲು ಸುಲಭ, ಆದರೆ ಅದರಲ್ಲಿರುವ ಸಿಲಿಕಾ ಅಲಗನ್ನು ಬೇಗ ಮೊಂಡಾಗಿಸುತ್ತದೆ. ಅದರ ಎಣ್ಣೆಯಂಶದಿಂದ ಬಣ್ಣ ಹಿಡಿಯದೆ ಹೋಗಬಹುದು, ಬಣ್ಣಕ್ಕೆ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಪ್ರೈಮರ್ ಹಚ್ಚಿ. ಮತ್ತಿ ಗಟ್ಟಿ, ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಎಷ್ಟು ಎಚ್ಚರ ವಹಿಸಿದರೂ ಅಲ್ಲಲ್ಲಿ ಎಳೆ ಏಳುತ್ತದೆ, ತೆಳು ತೆಳುವಾಗಿ ನಾಲ್ಕು ಸಲ ಹೊಡೆಯಿರಿ. ಹೊನ್ನೆ ನೀರು ಬಿದ್ದರೆ ಬಣ್ಣ ಬಿಡುತ್ತದೆ, ಕೆಳಗೆ ತಿಳಿ ಬಣ್ಣದ ಕಲ್ಲಿನ ನೆಲವಿದ್ದರೆ ಕೂಡಲೇ ಸೀಲ್ ಮಾಡಿ. ಹಲಸು ಕೈಗೆ ಒಗ್ಗುವ ಮರ, ಸಣ್ಣ ಹತ್ತರಿಯಲ್ಲೇ ಸೊಗಸಾಗಿ ಬರುತ್ತದೆ. ನೀಲಗಿರಿ ಸೀಳುವುದು ಹೆಚ್ಚು. ಕಾಫಿ ತೋಟದ ಸಿಲ್ವರ್ ಓಕ್ ಹೇರಳವಾಗಿ ಸಿಗುತ್ತದೆ, ಆದರೆ ಔಷಧ ಕುಡಿಸದೆ ಮಳೆಗೆ ನಿಲ್ಲಿಸುವ ಮರವಲ್ಲ.

ಯಾವ ಮರವಾದರೂ ಏಣಿನ ಕಡೆ ಬೆಳ್ಳನೆಯ ಹೊರಭಾಗ ಇದೆಯೇ, ಚೇಗು (ಒಳಗಿನ ಗಟ್ಟಿ ಮರ) ಇದೆಯೇ ನೋಡಿ. ತೇಗದಲ್ಲೂ ಬೆಳ್ಳನೆಯ ಭಾಗಕ್ಕೆ ಬಾಳಿಕೆಯಿಲ್ಲ. ಒಂದು ಏಣಿನಲ್ಲಿ ಬಿಳಿ ಪಟ್ಟಿ ತೆಳುವಾಗಿದ್ದರೆ 12 ಮಿ.ಮೀ. ಗುಂಡಿನಲ್ಲಿ ಅದು ಬಹುಮಟ್ಟಿಗೆ ಕಳೆದೇ ಹೋಗುತ್ತದೆ, ತ್ರಿಜ್ಯ ನಿರ್ಧರಿಸುವಾಗ ಇದೂ ನೆನಪಿರಲಿ.

ಹಸಿರು ಛಾಯೆಯ, ಔಷಧ ಕುಡಿಸಿದ ಪೈನ್ ಕಂಬ ತಂದಿದ್ದೇವೆ.

ಔಷಧ ಕಂಬದ ಒಳತಿರುಳಿಗೆ ಹೋಗಿರದೆ ಹೊರ ಪದರದಲ್ಲೇ ಇರಬಹುದು. ಏಣು ತೆಗೆದಾಗ ಔಷಧವಿಲ್ಲದ ಮರ ಹೊರಬೀಳುತ್ತದೆ. ಸಾಧ್ಯವಿದ್ದರೆ ಗುಂಡಗೆ ಮಾಡಿಸಿಯೇ ಔಷಧಕ್ಕೆ ಕಳಿಸಿ. ಆಗದಿದ್ದರೆ 6 ಮಿ.ಮೀ. ಮೀರಬೇಡಿ, ಕಡಿದ ಜಾಗಕ್ಕೆಲ್ಲ ಬ್ರಷ್‌ನಿಂದ ಮರದ ಸಂರಕ್ಷಕವನ್ನು ಎರಡು ಸಲ ಹಚ್ಚಿ.

ಈ ಹಸಿರು ಔಷಧದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರುವುದುಂಟು. ಇದರ ಹೊಟ್ಟು, ಚಕ್ಕೆಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕಬಾರದು, ಕೊಟ್ಟಿಗೆಯಲ್ಲಿ ಹಾಸಬಾರದು, ಗೊಬ್ಬರದ ಗುಂಡಿಗೂ ಸೇರಿಸಬಾರದು. ಟಾರ್ಪಾಲಿನ್ ಹಾಸಿ ಕೆಲಸ ಮಾಡಿ, ಗುಡಿಸಿ ಚೀಲಕ್ಕೆ ಕಟ್ಟಿ, ಕಟ್ಟಡದ ಕಸದ ಜೊತೆ ವಿಲೇವಾರಿ ಮಾಡಿ.

ಕಪ್ಪಗೆ ಸುಟ್ಟ ಗುರುತು, ಅಲೆ, ಎದ್ದ ಚಕ್ಕೆ: ಇವು ಯಾಕೆ ಬರುತ್ತವೆ? ಸರಿಪಡಿಸುವುದು ಹೇಗೆ?

ಕಪ್ಪು ಗುರುತಿಗೆ ಕಾರಣ ಬಿಟ್ ಮೊಂಡಾಗಿರುವುದು, ಅಲಗಿಗೆ ಅಂಟಿದ ಗೋಂದು, ಅಥವಾ ತೀರಾ ನಿಧಾನ ಓಟ. ಬಿಟ್ ತೆಗೆದು ಥಿನ್ನರ್‌ನಲ್ಲಿ ಒರೆಸಿ, ಕಾಲು ಮಿ.ಮೀ. ಇಳಿಸಿ ಇನ್ನೊಂದು ಸಲ ಚುರುಕಾಗಿ ಓಡಿಸಿ. ಕಪ್ಪಿನ ಮೇಲೆಯೇ ಪೇಪರ್ ಹಿಡಿದು ಉಜ್ಜುತ್ತ ಕೂತರೆ ಆ ಜಾಗ ತಗ್ಗಾಗುತ್ತದೆ.

ಅಲೆ ಬಂದರೆ ಮೆಷಿನ್ ಓಲಾಡಿದೆ ಎಂದರ್ಥ. 4 ಇಂಚಿನ ಮೈಮೇಲೆ ರೌಟರ್‌ನ ತಳದ ಅರ್ಧ ಭಾಗ ಗಾಳಿಯಲ್ಲಿರುತ್ತದೆ. ಒತ್ತಡವನ್ನು ಕಂಬದ ಮೇಲಿರುವ ಅರ್ಧದ ಮೇಲೆಯೇ ಹಾಕಿ. ಒಂದೇ ಕಡೆ ಹಳ್ಳ ಬಿದ್ದಿದ್ದರೆ ಬೇರಿಂಗ್ ಬಿರುಕಿಗೋ ಬಿದ್ದುಹೋದ ಗಂಟಿನ ಕುಳಿಗೋ ಇಳಿದಿದೆ. ಓಡಿಸುವ ಮೊದಲೇ ಆ ಕುಳಿಯನ್ನು ಎಪಾಕ್ಸಿ ಮತ್ತು ಅದೇ ಮರದ ಹೊಟ್ಟು ಕಲಸಿ ತುಂಬಿ, ಗಟ್ಟಿಯಾದ ಮೇಲೆ ಮುಂದುವರಿಯಿರಿ.

ಚಕ್ಕೆ ಎದ್ದಿದ್ದರೆ ಕಿತ್ತು ಎಸೆಯಬೇಡಿ. ಬುಡ ಅಂಟಿಕೊಂಡಿರುವಾಗಲೇ ನೀರಿಗೆ ಜಗ್ಗದ ಮರದ ಗೋಂದು ತೂರಿಸಿ, ಪೇಪರ್ ಟೇಪ್ ಬಿಗಿದು ಒಂದು ದಿನ ಬಿಟ್ಟು ಮತ್ತೆ ಹೊಡೆಯಿರಿ. ಹಾಕಿದ್ದು ಗೊತ್ತೇ ಆಗುವುದಿಲ್ಲ.

ಮರ ಇನ್ನೂ ಹಸಿಯಾಗಿದೆ. ಈಗಲೇ ಮಾಡಿಬಿಡಬಹುದೇ?

ತಡೆಯಿರಿ. ಹಸಿ ಮರದ ಎಳೆ ಕಡಿಯುವ ಬದಲು ಹರಿಯುತ್ತದೆ, ಮೈ ಜುಂಗು ಜುಂಗಾಗುತ್ತದೆ. ಒಣಗುವಾಗ ಕಂಬ ತಿರುಚಿ ಬಿರಿದರೆ ಗುಂಡಿನ ಮೇಲೆಯೇ ಬಿರುಕು ಬರಬಹುದು. ತೇವ ಅಳೆಯುವ ಮೀಟರ್ ಶೇ. 15ರ ಆಸುಪಾಸು ತೋರಿಸಿದರೆ ಕೆಲಸಕ್ಕೆ ಇಳಿಯಿರಿ. ಮಳೆಗಾಲದ ಮಲೆನಾಡಿನಲ್ಲಿ ಅಷ್ಟಕ್ಕೆ ಇಳಿಯುವುದು ಕಷ್ಟ, ಅಲ್ಲಿ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮುಗಿಸುವಂತೆ ಯೋಜನೆ ಹಾಕಿಕೊಳ್ಳಿ.

ಕೆಡವಿದ ಹಳೆಯ ಮನೆಯ ಕಂಬಗಳನ್ನು ಬಳಸುತ್ತಿದ್ದೇವೆ. ಏನು ಎಚ್ಚರ?

ಮೊಳೆ. ತಲೆ ಮುರಿದು ಒಳಗೇ ಉಳಿದ ಮೊಳೆಗೆ ತಾಗಿದರೆ ಕಾರ್ಬೈಡ್ ಅಲಗು ಚೂರಾಗಿ ಹಾರುತ್ತದೆ. ಬಲವಾದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಏಣಿನ ಉದ್ದಕ್ಕೂ ಸುಳಿದಾಡಿಸಿ, ವಾಲಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಸುತ್ತ ಕಪ್ಪು ಕಲೆ ಇರುವ ಸಣ್ಣ ತೂತಿನಲ್ಲೂ ಕಬ್ಬಿಣ ಇರಬಹುದು. ಕೆತ್ತನೆ ಇರುವ, ಅಥವಾ ಹತ್ತರಿಯ ಗುರುತು ಇನ್ನೂ ಉಳಿದಿರುವ ಹಳೆಯ ಕಂಬಗಳಿಗೆ ರೌಟರ್ ಹಿಡಿಯಲೇಬೇಡಿ ಎಂಬುದು ನಮ್ಮ ಕಳಕಳಿಯ ಮಾತು. ನೂರಾರು ಕೈಗಳು ತಾಗಿ ಆ ಏಣು ಆಗಲೇ ನಯವಾಗಿರುತ್ತದೆ. 120 ನಂಬರ್ ಪೇಪರಿನಿಂದ ಹಗುರಾಗಿ ಉಜ್ಜಿ ಎಣ್ಣೆ ಹಚ್ಚಿದರೆ ಸಾಕು.

ಗುಂಡಗೆ ಮಾಡಿದ ಮೇಲೆ ಏನು ಹಚ್ಚಬೇಕು?

ಮೊದಲು 80, ಆಮೇಲೆ 120. ಹೊರಗಿನ ಮರಕ್ಕೆ ಅದಕ್ಕಿಂತ ನಯ ಬೇಡ, ತೀರಾ ನಯವಾದ ಮೈಗೆ ಬಣ್ಣವೂ ಎಣ್ಣೆಯೂ ಚೆನ್ನಾಗಿ ಕಚ್ಚುವುದಿಲ್ಲ. ಹತ್ತಿಯ ವೇಸ್ಟ್ ಹಿಡಿದು ಏಣಿನ ಉದ್ದಕ್ಕೂ ಒಮ್ಮೆ ಎಳೆಯಿರಿ, ನೂಲು ಸಿಕ್ಕಿಕೊಂಡ ಕಡೆ ಸಿಬಿರು ಉಳಿದಿದೆ. ಕಬ್ಬಿಣದ ಸ್ಟೀಲ್ ವೂಲ್ ಬಳಸಬೇಡಿ, ಒಳಗೆ ಉಳಿದ ಅದರ ಚೂರು ಮಳೆಯಲ್ಲಿ ತುಕ್ಕು ಹಿಡಿದು ಕಪ್ಪು ಚುಕ್ಕೆಯಾಗುತ್ತದೆ.

ಬಣ್ಣವಾದರೆ ಹೊರಾಂಗಣದ ಪ್ರೈಮರ್ ಒಂದು, ಮೇಲೆ ಎರಡು ಕೋಟ್. ಪ್ರೈಮರ್ ಆದ ಮೇಲೆ ಏಣುಗಳಿಗಷ್ಟೇ ಸಣ್ಣ ಬ್ರಷ್‌ನಿಂದ ಒಂದು ಹೆಚ್ಚಿನ ಗೆರೆ ಕೊಟ್ಟು ಆಮೇಲೆ ಪೂರ್ತಿ ಹೊಡೆಯಿರಿ. ತಲೆ ಬುಡಗಳ ಅಡ್ಡ ಕಡಿತ ನೀರನ್ನು ಹೀರುವುದು ಮೈಗಿಂತ ಹಲವು ಪಟ್ಟು ಹೆಚ್ಚು, ಅದಕ್ಕೆ ಮೂರು ಸಲ.

ಎಣ್ಣೆ ಇಷ್ಟಪಡುವವರಿಗೆ ಅಗಸೆ ಎಣ್ಣೆ ಬಯಲುಸೀಮೆಯಲ್ಲಿ ಒಳ್ಳೆಯದು, ತೇವ ಹೆಚ್ಚಿರುವ ಕಡೆ ಬೂಷ್ಟು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ. ಕರಾವಳಿಯಲ್ಲಿ ಬಳಸುವ ಗೇರು ಸಿಪ್ಪೆಯ ಎಣ್ಣೆ ಹುಳ, ಗೆದ್ದಲಿಗೆ ಒಳ್ಳೆಯ ತಡೆ, ಆದರೆ ಮರ ಕಪ್ಪಗಾಗುತ್ತದೆ, ಹಸಿ ಎಣ್ಣೆ ಚರ್ಮ ಸುಡುತ್ತದೆ. ರಬ್ಬರ್ ಗ್ಲೌಸ್ ಹಾಕಿಯೇ ಹಚ್ಚಿ.

ಕಣ್ಣು, ಮೂಗಿನ ರಕ್ಷಣೆ?

ಕನ್ನಡಕ, ಎನ್95 ಮಾಸ್ಕ್, ಕಿವಿಗೆ ಮಫ್. ತೇಗ, ಬೀಟೆಯ ದೂಳಿಗೆ ಕೆಲವರಿಗೆ ಮೈ ತುರಿಕೆ, ಸೀನು ಬರುತ್ತದೆ. ಸಡಿಲ ಅಂಗಿ, ಪಂಚೆಯ ತುದಿ, ಹೆಗಲ ಟವೆಲ್ ಮೆಷಿನ್ ಹತ್ತಿರ ಬೇಡ. ಒದ್ದೆ ಅಂಗಳದಲ್ಲಿ ಕೆಲಸವಿದ್ದರೆ, ಕರೆಂಟು ಸೋರಿದ ಕೂಡಲೇ ಅದನ್ನು ಕಡಿದುಹಾಕುವ ಆರ್‌ಸಿಸಿಬಿ ಇರುವ ಸಾಕೆಟ್‌ನಿಂದಲೇ ಕರೆಂಟು ತೆಗೆದುಕೊಳ್ಳಿ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಲಿ, ಸ್ವಿಚ್ ಆರಿಸಿದರೆ ಸಾಲದು.

ಬಡಗಿಗೆ ಕೆಲಸ ಕೊಡುವಾಗ ಏನೆಂದು ಬರೆದುಕೊಡಬೇಕು?

"ಏಣು ಸ್ವಲ್ಪ ರೌಂಡ್ ಮಾಡಿ" ಎಂದರೆ ಪೇಪರ್ ಉಜ್ಜಿ ಮುಗಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಹೀಗೆ ಬರೆದುಕೊಡಿ: ಎಲ್ಲ ಕಂಬಗಳ ನಾಲ್ಕೂ ಏಣಿಗೆ 10 ಮಿ.ಮೀ. ರೌಂಡ್, ಬುಡದಿಂದ 150 ಮಿ.ಮೀ. ಬಿಟ್ಟು ಶುರು, ತೊಲೆಯ ಅಡಿಯಿಂದ 150 ಮಿ.ಮೀ. ಕೆಳಗೆ ಕೊನೆ, ಕೂಡುವ ಜಾಗದಿಂದ 25 ಮಿ.ಮೀ. ದೂರ, ಚೌಕ ಉಳಿದ ಕಡೆ 3 ಮಿ.ಮೀ.; ಬಣ್ಣಕ್ಕೆ ಮೊದಲು ತೋರಿಸಬೇಕು. ಒಂದು ಅಡಿ ಉದ್ದದ ತುಂಡಿನ ಮೇಲೆ ಮಾದರಿ ಮಾಡಿಸಿ, ಒಪ್ಪಿಗೆಯಾದರೆ ಇಬ್ಬರೂ ಅದರ ಮೇಲೆ ಸಹಿ ಹಾಕಿ ಇಟ್ಟುಕೊಳ್ಳಿ. ಕೂಲಿಯನ್ನು ಕಂಬಕ್ಕಿಷ್ಟು ಎಂದು ಮಾತಾಡುವುದಕ್ಕಿಂತ ಏಣಿನ ಅಡಿ ಉದ್ದಕ್ಕೆ ಮಾತಾಡಿದರೆ ಜಗಳವಿರುವುದಿಲ್ಲ. 8 ಅಡಿಯ ಕಂಬವೊಂದಕ್ಕೆ 32 ಅಡಿ ಏಣು.

ಮುಂದೆ ಎಷ್ಟು ದಿನಕ್ಕೊಮ್ಮೆ ನೋಡಬೇಕು?

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ. ಒದ್ದೆ ಬಟ್ಟೆಯಿಂದ ಏಣುಗಳನ್ನು ಒರೆಸಿ, ಐದು ನಿಮಿಷ ಬಿಟ್ಟು ನೋಡಿ. ಬಣ್ಣ ಗಟ್ಟಿಯಿದ್ದರೆ ಮೈಯೆಲ್ಲ ಒಂದೇ ಸಮ ಆರುತ್ತದೆ. ಕಪ್ಪಾಗಿ ತೇವ ಉಳಿದ ಜಾಗದಲ್ಲಿ ನೀರು ಒಳಗಿಳಿಯುತ್ತಿದೆ. ಆ ಜಾಗವನ್ನು ಪೂರ್ತಿ ಒಣಗಲು ಬಿಟ್ಟು, 120ರಲ್ಲಿ ಉಜ್ಜಿ, ಪ್ರೈಮರ್ ಮತ್ತು ಎರಡು ಕೋಟ್ ಬಣ್ಣವನ್ನು ಅಷ್ಟಕ್ಕೇ ಹಚ್ಚಿ. ಒಂದು ಅಂಗೈಯಗಲ ಇರುವಾಗಲೇ ಇದನ್ನು ಮಾಡಿದರೆ ಇಡೀ ಕಂಬದ ಬಣ್ಣ ಕೆರೆದು ತೆಗೆಯುವ ಕೆಲಸ ಬರುವುದಿಲ್ಲ.